ಕ್ಲಚ್ ಮೇಲಿನ ಕಾಲು

“ಏ ಸಾದಿಕ, ನಿಮ್ಮಪ್ಪ ಮಕ್ಬುಲಸಾಬ ಸಾಯೂ ತನಕ ಮಂದಿ ಟ್ರ್ಯಾಕ್ಟರ್ ಹೊಡದಾ. ಅರ್ಧಕ್ಕ ಸಾಲಿ ಬಿಟ್ಟಾಂವ ನೀ, ಮಾಲಕ ಆಗಾಕ ಬಂದೀಯೇನು?”

ಗಂಗಾವತಿಯಲ್ಲಿ ಹಳೆ ಟ್ರ್ಯಾಕ್ಟರ್ ಮಾರುವ ಗ್ಯಾನಪ್ಪ ಹೀಗೆಂದಾಗ ಅಲ್ಲಿದ್ದ ಗಿರಾಕಿಗಳೆಲ್ಲ ನಕ್ಕರು. ನನ್ನ ಮೈಯೆಲ್ಲ ಉರಿಯಿತು. ಆದರೂ ತಡೆದುಕೊಂಡೆ. ಶ್ರೀರಾಮನಗರದ ನಮ್ಮ ತುಂಡು ಗದ್ದೆಯನ್ನು ನಮ್ಮದೇ ಸಣ್ಣ ಟ್ರ್ಯಾಕ್ಟರಿನಲ್ಲಿ ಉಳಬೇಕೆಂಬುದು ಅಬ್ಬಾನ ಆಸೆಯಾಗಿತ್ತು.

ಮೂಲೆಯ ನೆರಳಿನಲ್ಲಿ ನಿಂತಿದ್ದ ಸಣ್ಣ ಗಾಡಿಯೊಂದರ ಬಾನೆಟ್ ಮುಟ್ಟಿದೆ. ಬೆಳಗಿನ ಚಳಿಯಲ್ಲೂ ಬೆಚ್ಚಗಿತ್ತು. ಸುಲಭಕ್ಕೆ ಚಾಲೂ ಆಗದ ಗಾಡಿಯಾದರೆ, ಗಿರಾಕಿ ಬರುವ ಮೊದಲೇ ಎಂಜಿನ್ ಕಾಯಿಸಿಟ್ಟಿರುತ್ತಾರೆ ಎಂದು ಅಬ್ಬಾ ಹೇಳುತ್ತಿದ್ದ.

“ನಾ ಬರೂಕಿಂತ ಮೊದಲ ಚಾಲೂ ಮಾಡೀರಿ, ಹೌದಿಲ್ಲೋ?” ಎಂದು ರೇಗಿದೆ.

“ಹುಚ್ಚ, ಅದಕ್ಕ ಬ್ಯಾಟರೀನ ಇಲ್ಲ, ನೋಡು,” ಎಂದ ಗ್ಯಾನಪ್ಪ.

ನೋಡಿದೆ. ಬ್ಯಾಟರಿಯ ಜಾಗದಲ್ಲಿ ಜೇಡ ಬಲೆ ಕಟ್ಟಿತ್ತು.

ಹತ್ತಿ ಕುಳಿತೆ. ಯಾರೋ ಈಗಷ್ಟೇ ಎದ್ದುಹೋದ ಹಾಗೆ ಸೀಟೂ ಬೆಚ್ಚಗಿತ್ತು. ಕ್ಲಚ್ ಮೇಲೆ ಎಡಗಾಲಿಟ್ಟೊಡನೆ, ಅದರ ಮೇಲೆ ಇನ್ನೊಂದು ಪಾದ ಮೆಲ್ಲಗೆ ಒತ್ತಿತು. ಗಾಡಿ ಕಲಿಸುವಾಗ ಅಬ್ಬಾ ಹೀಗೆಯೇ ಒತ್ತುತ್ತಿದ್ದ. ಬಗ್ಗಿ ನೋಡಿದರೆ ನನ್ನ ಚಪ್ಪಲಿಯಷ್ಟೇ ಕಾಣಿಸಿತು. ಕಾಲು ತೆಗೆಯಲು ಮನಸ್ಸೇ ಬರಲಿಲ್ಲ.

“ಇಳಿಯೋ, ಅದು ಗುಜರಿಗೆ ಹೋಗೂದೈತಿ,” ಎಂದು ಗ್ಯಾನಪ್ಪ ಗದರಿದ.

ಇಳಿದೆ. ಕಾಲ ಮೇಲಿನ ಭಾರ ಮಾತ್ರ ಹಾಗೇ ಉಳಿಯಿತು. ಗೇಟಿನ ಹತ್ತಿರ ಬಂದಾಗ ಹಿಂದಿನಿಂದ ಗ್ಯಾನಪ್ಪ ಕೂಗಿದ. ಈಗ ಅವನ ದನಿಯಲ್ಲಿ ನಗುವಿರಲಿಲ್ಲ.

“ಸಾದಿಕ, ಬರೂವಾಗ ಛಲೋ ಇದ್ದೆಲ್ಲೋ, ಎಡಗಾಲು ಯಾಕ ಎಳಿಯಾಕತ್ತಿ?”

ಆ ಭಾರ ಎಲ್ಲಿ ಜಾರಿಬಿಡುತ್ತದೋ ಎಂದು ಮೆಲ್ಲಗೆ ಹೆಜ್ಜೆಯಿಡುತ್ತ ನಡೆದುಬಿಟ್ಟೆ.