ಕಾಲು ತೊಳೆದ ನೀರು

"ಅದನ್ನ ದಾಟಬ್ಯಾಡ ಇಂದೂ, ಬಳಸಿ ಬಾ," ಎಂದು ನಾಗವ್ವ ಮಗಳ ಸೆರಗು ಹಿಡಿದು ಜಗ್ಗಿದಳು.

೧೯೭೮ರ ಶ್ರಾವಣ. ದೀಪ ಹಚ್ಚುವ ಹೊತ್ತು. ಸದಾಶಿವ ಪೇಠದ ಮೂರು ಓಣಿಗಳು ಕೂಡುವಲ್ಲಿ ಯಾರೋ ಮನೆಯವರ ಪೀಡೆ ನಿವಾಳಿಸಿ, ದಾಟಿದವರಿಗೆ ಅಂಟಲೆಂದು ಉತಾರ ಇಟ್ಟುಹೋಗಿದ್ದರು. ಎಲೆಯ ಮೇಲೆ ಅರಿಶಿನದ ಅನ್ನ, ಕುಂಕುಮ ಮೆತ್ತಿದ ನಿಂಬೆಹಣ್ಣು, ಕಮಟು ವಾಸನೆಯ ಸುಟ್ಟ ಮೆಣಸಿನಕಾಯಿ. ನಡುವೆ, ಜೋಳದ ಹಿಟ್ಟಿನಿಂದ ತಿದ್ದಿದ ಗೇಣುದ್ದದ ಒಂದು ಕಾಲು.

ಭರತನಾಟ್ಯದ ಕೊನೆಯ ಹಂತ ಕಲಿಯಲೆಂದು ಇಂದೂ ತಾಯಿಯೊಡನೆ ಗದಗಿನಿಂದ ಈ ಮರಾಠಿ ಊರಿಗೆ ಬಂದು ಎರಡು ತಿಂಗಳಾಗಿತ್ತು. ಅವಳು ನಕ್ಕಳು. "ನಿನ್ನ ದೆವ್ವಗೋಳನ್ನ ಗದಗಿನಾಗ ಬಿಟ್ಟು ಬಂದೀವಿ ಅಂತ ತಿಳದಿದ್ದೆ ಅವ್ವಾ. ತಿಕೀಟು ತಗೊಂಡು ಬಂದಾವೋ, ಹಂಗ ರೈಲು ಹತ್ಯಾವೋ?"

ಸೆರಗು ಬಿಡಿಸಿಕೊಂಡು, ನಡು ಬಾಗಿಸಿ, ಅಭ್ಯಾಸದ ಮನೆಯಲ್ಲಿ ನಿಂತವಳಂತೆ ಬಲಗಾಲನ್ನೆತ್ತಿ ಆ ಎಲೆಯ ಮೇಲೆಯೇ ತಟ್ಟಿದಳು. ನಿಂಬೆಹಣ್ಣು ಒಡೆಯಿತು. ಹಿಮ್ಮಡಿ ಜಾರಿತು. ಕಾಲು ಮಗ್ಗುಲಾಗಿ ಹೊರಳಿತು.

ಕ್ಯಾಂಪ್ ಬಡಾವಣೆಯ ವೈದ್ಯರು ಎಕ್ಸ್‌ರೇ ತೆಗೆಸಿ, ಮೂಳೆ ನೆಟ್ಟಗಿದೆ, ಬರಿಯ ಉಳುಕು, ಮೂರು ವಾರದಲ್ಲಿ ಕುಣಿಯಬಹುದು ಎಂದರು. ಮೂರು ವಾರವಲ್ಲ, ಐದು ತಿಂಗಳು ಕಳೆದವು. ಬಾವು ಇಳಿಯಿತು, ನೋವು ಇಳಿಯಲಿಲ್ಲ. ನಾಗವ್ವ ಹುಣಸೆಹಣ್ಣು, ಉಪ್ಪು, ಅರಿಶಿನ ಕುದಿಸಿ ಪಟ್ಟು ಹಾಕಿದಳು. ಸಂಜೆಗೊಮ್ಮೆ ಹಿತ್ತಾಳೆಯ ಬೋಗುಣಿಯಲ್ಲಿ ಬಿಸಿನೀರು ತಂದು ಮಗಳ ಕಾಲನ್ನು ಕೂಸಿನ ಮೈಯಂತೆ ತೊಳೆದಳು. ಅತ್ತ ಗುರುಗಳು ಸ್ಪಷ್ಟವಾಗಿ ಹೇಳಿಬಿಟ್ಟಿದ್ದರು: ಮಾಘಮಾಸಕ್ಕೆ ರಂಗಪ್ರವೇಶ, ಅಷ್ಟರೊಳಗೆ ಕಾಲು ಬಾರದಿದ್ದರೆ ಆ ವೇದಿಕೆ ಬೇರೊಬ್ಬಳದು. ಏಳನೆಯ ವಯಸ್ಸಿನಿಂದ ಗೆಜ್ಜೆ ಕಟ್ಟಿದವಳಿಗೆ ಅದಲ್ಲದೆ ಬೇರೆ ಬದುಕೇ ತಿಳಿದಿರಲಿಲ್ಲ.

ಆ ನೋವಿಗೊಂದು ಹೊತ್ತಿತ್ತು. ಕತ್ತಲಾಗುತ್ತಿದ್ದಂತೆ ಅವರು ಬಾಡಿಗೆಗಿದ್ದ ಹಳೆಯ ವಾಡೆಯ ಮರದ ಮೆಟ್ಟಿಲುಗಳ ಮೇಲೆ ಸಪ್ಪಳವಾಗುತ್ತಿತ್ತು: ಅಂಗೈ ಊರಿದ ಸಪ್ಪಳ, ಆಮೇಲೆ ಮೈ ಎಳೆದ ಸಪ್ಪಳ. ಕಂದೀಲು ಹಿಡಿದು ನೋಡಿದರೆ ಯಾರೂ ಇಲ್ಲ. ಸುಟ್ಟ ಮೆಣಸಿನಕಾಯಿಯ ಘಾಟು ಮಾತ್ರ. ಮರುಕ್ಷಣವೇ ಇಂದೂಳ ಕಾಲ ಹರಡಿಗೆ ಏನೋ ಜೋತುಬೀಳುತ್ತಿತ್ತು. ಹಗುರವಾದದ್ದು, ಬೆಚ್ಚಗಿನದು, ಬಿಡದೆ ಹಿಡಿಯುವಂಥದು. ಒಂದು ಸಂಜೆ ಇಂದೂ ಸೀರೆಯನ್ನು ಮೊಳಕಾಲಿಗೆತ್ತಿ ದೀಪದ ಬೆಳಕಿಗೆ ಕಾಲು ಹಿಡಿದಳು. ಚರ್ಮದ ಮೇಲೆ ನೀಲಿಗಟ್ಟಿದ ಐದು ಬೆರಳ ಗುರುತು. ಪುಟ್ಟ ಬೆರಳು.

ಅಂದಿನಿಂದ ಅವಳು ನಗಲಿಲ್ಲ.

ಕೆಳಗಿನ ಮನೆಯ ಮುದುಕಿ ರಂಗೂಬಾಯಿ ಸೊಲ್ಲಾಪುರದ ಕಡೆಯವಳು, ಇಂಥವನ್ನು ಬಲ್ಲವಳು. ಕಾಲು ಮುಟ್ಟಿ ನೋಡಿ ಸರಕ್ಕನೆ ಕೈ ಹಿಂದೆಗೆದಳು.

"ಇದು ಉಳುಕಲ್ಲ ಪೋರಿ. ಬ್ಯಾರೆಯವರ ಕಾಲು ಬಂದು ನಿನ್ನ ಕಾಲಾಗ ಕುಂತದ. ಹಿಂದ ಕಟ್ಟಡ ಏಳ್ಲಿಕ್ಕ ಹತ್ತ್ಯದಲಾ, ಅಲ್ಲಿ ಬುಟ್ಟಿ ಹೊರೋ ತಿಪ್ಪವ್ವ ಆ ಉತಾರ ಇಟ್ಟದ್ದು, ನಾ ಕಂಡೀನಿ."

"ಇದಕ್ಕ ಉಪಾಯ ಇಲ್ಲೇನ್ರಿ?" ಎಂದಳು ನಾಗವ್ವ.

"ಅದ. ಆ ಕಾಲು ತೊಳೆದ ನೀರು ಇಟ್ಟಾಕಿ ಹೊಸ್ತಿಲಿಗೆ ಚೆಲ್ಲಬೇಕು. ಯಾರದಿತ್ತೋ ಅವರಿಗೇ ತಿರುಗಿ ಹೋಗ್ತದ. ಆದ್ರ ತಿರುಗಿ ಹೋದದ್ದು ಮತ್ತ ಯಾರಿಂದಲೂ ಏಳೂದಿಲ್ಲ. ಸಾಯೋತನಕ."

ಮರುದಿನ ಇಂದೂ ತಂಬಿಗೆಯಲ್ಲಿ ಆ ನೀರು ಹಿಡಿದು ಕುಂಟುತ್ತ ಹೊರಟಳು. ಯಾದಗಿರಿಯ ಕಡೆಯ ಕೂಲಿಗಳ ತಗಡಿನ ಗುಡಿಸಲುಗಳು. ತೇವದ ಸಿಮೆಂಟು, ಸೀಮೆಎಣ್ಣೆಯ ವಾಸನೆ. ಗುಡಿಸಲ ಮುಂದೆ ಎಂಟು ವರ್ಷದ ಹುಡುಗಿಯೊಂದು ಇದ್ದಿಲಿನಿಂದ ಮನೆ ಬರೆದು, ಒಂಟಿಗಾಲಲ್ಲಿ ಜಿಗಿಯುತ್ತ ಕುಂಟೆಬಿಲ್ಲೆ ಆಡುತ್ತಿತ್ತು. ತಿಪ್ಪವ್ವ ಹೊರಗೆ ಬಂದಳು. ಇಂದೂಳ ಕಾಲು ನೋಡಿದಳು, ತಂಬಿಗೆ ನೋಡಿದಳು. ಅವಳ ಮುಖದ ರಕ್ತವೆಲ್ಲ ಇಳಿಯಿತು.

"ಅವತ್ತ ತುಳದಾಕಿ ನೀವೇನ್ರಿ ಅಕ್ಕಾರ? ನಾಯಿನೋ ದನಾನೋ ದಾಟಲಿ ಅಂತ ಇಟ್ಟಿದ್ದೆ. ಮನಷ್ಯಾರು ಬೇಕಂತ ತುಳೀತಾರಂತ ನನಗೇನು ಗೊತ್ತಿತ್ರಿ! ಹುಟ್ಟಿದಾಗಿಂದ ನೆಲಕ್ಕ ಅಂಗೈ ಊರಿ ತೆವಳ್ಯಾಳ್ರಿ ಈ ನನ್ನ ಸಾಬವ್ವ, ನೀವು ತುಳದ ಮ್ಯಾಲನ ಎದ್ದು ನಿಂತಾಳ. ಚೆಲ್ಲೂದಿದ್ರ ನನ್ನ ತಲಿ ಮ್ಯಾಲ ಚೆಲ್ರಿ."

ಹುಡುಗಿ ಓಡಿಬಂದು ಇಂದೂಳ ಕೈ ಹಿಡಿಯಿತು. ಅದೇ ಪುಟ್ಟ ಬೆರಳು. "ಅಕ್ಕಾ, ನೀನೂ ಬಾ ಆಡ್ಲಿಕ್ಕ. ಕಾಲಿಗೇನಾಗ್ಯದ?"

"ಏನಿಲ್ಲವ್ವಾ. ಉಳುಕ್ಯದ, ಅಷ್ಟ."

ತಂಬಿಗೆಯನ್ನು ಹಾಗೆಯೇ ಹೊತ್ತು ತಂದು ಮನೆಯ ಮೋರಿಗೆ ಸುರಿದಳು. "ಅಕಿ ಜಿಗ್ಯಾಕ ಹತ್ತ್ಯಾಳ ಅವ್ವಾ. ನಾ ಕುಣದದ್ದು ಸಾಕು," ಎಂದವಳು ಗೋಡೆಯತ್ತ ಮುಖ ತಿರುಗಿಸಿ ಮಲಗಿದಳು. ನಾಗವ್ವ ಎಂದಿನಂತೆ ಬಿಸಿನೀರು ತಂದು, ಎಂದಿಗಿಂತ ಹೆಚ್ಚು ಹೊತ್ತು ಮಗಳ ಕಾಲು ತೊಳೆದಳು.

ಬೆಳಗಾಯಿತು. ಇಂದೂ ಎದ್ದು ನಿಂತಳು. ನೋವಿಲ್ಲ. ಕಾಲು ಮಡಿಚಿದಳು. ನೋವಿಲ್ಲ. ಹಿಮ್ಮಡಿ ತಟ್ಟಿದಳು. ನೀಲಿ ಗುರುತಿಲ್ಲ. ತಾಯಿಯ ಹಾಸಿಗೆ ಬರಿದು. ಬೋಗುಣಿ ಬರಿದು. ಬಾಗಿಲು ತೆರೆದಿತ್ತು.

ಹೊಸ್ತಿಲಲ್ಲಿ ನಾಗವ್ವ ನಿಂತಿದ್ದಳು. ಸೀರೆಯ ಅಂಚಿಗೆ ಸಿಮೆಂಟು ಮೆತ್ತಿತ್ತು.

"ಅವ್ವಾ, ನೀರು?"

"ತಿಪ್ಪವ್ವ ಅಕಿ ಮಗಳಿಗೆ ತಾಯಿ," ಎಂದಳು ನಾಗವ್ವ, ಕಣ್ಣೆತ್ತದೆ. "ನಾ ಯಾರಿಗೆ ತಾಯಿ?"

ಇಂದೂ ಓಡಿದಳು. ಐದು ತಿಂಗಳ ಮೇಲೆ ಓಡಿದಳು. ಮೆಟ್ಟಿಲು. ಓಣಿ. ಮರಳಿನ ರಾಶಿ. ಕಾಲು ಎಲ್ಲಿಯೂ ತಡೆಯಲಿಲ್ಲ, ಗರಿಯಂತೆ ಹಗುರಾಗಿತ್ತು. ಆ ಹಗುರಕ್ಕೇ ಅವಳು ನಡುಗಿದಳು.

ಗುಡಿಸಲ ಹೊಸ್ತಿಲು ಇನ್ನೂ ಒದ್ದೆಯಾಗಿತ್ತು. ಒಳಗೆ ಸಾಬವ್ವ ನೆಲಕ್ಕೆ ಅಂಗೈ ಊರಿ ಕುಳಿತಿದ್ದಳು. ಕಾಲುಗಳು ಹಿಂದೆ, ಯಾರವೋ ಎಂಬಂತೆ ಬಿದ್ದಿದ್ದವು. ತಿಪ್ಪವ್ವ ಗೋಡೆಗೆ ಒರಗಿದ್ದಳು. ಬಯ್ಯಲಿಲ್ಲ, ಅಳಲಿಲ್ಲ. ಈ ಕೆಡುಕು ಮೊದಲು ತನ್ನ ಕೈಯಿಂದಲೇ ಹೊರಟದ್ದೆಂದು ಅವಳು ಬಲ್ಲಳು.

"ಅಕ್ಕಾ," ಎಂದಿತು ಹುಡುಗಿ, ಮುಖವೆತ್ತಿ. "ನಿನಗ ಆರಾಮಾತೇನ?"

ಇಂದೂ ಆ ಹೊಸ್ತಿಲಲ್ಲೇ ನಿಂತು ಬಾಗಿಲ ತಗಡು ಹಿಡಿದುಕೊಂಡಳು. ಅವಳ ಬಲಗಾಲು ಮಾತ್ರ, ಅವಳು ಬೇಡ ಬೇಡವೆಂದರೂ ಕೇಳದೆ, ಆ ಒದ್ದೆ ನೆಲದ ಮೇಲೆ ಮೆಲ್ಲಗೆ ತಾಳ ಹಾಕತೊಡಗಿತು.