ತಿರುಗಿಸಿ ನೋಡದ ಅಳತೆ

"ಏಯ್! ಮುಟ್ಟಬ್ಯಾಡ್ರಿ ಅದನ್ನ!"

ಅಸ್ಮಾ ಕೂಗಿದ ರಭಸಕ್ಕೆ ವೆಲ್ಡಿಂಗ್ ಶೆಡ್ಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಕಬ್ಬಿಣದ ಪಟ್ಟಿಯ ಮೇಲೆ ಅವಳ ಡಿಜಿಟಲ್ ಆ್ಯಂಗಲ್ ಗೇಜ್ ಕೂತಿತ್ತು. ಅಂಗೈಯಗಲದ ಡಬ್ಬಿ. ಕೆಳಗೆ ಅಯಸ್ಕಾಂತ, ಮುಂದೆ ಪುಟ್ಟ ಪರದೆ. ಎಲ್ಲಿ ಅಂಟಿಸಿದರೂ ಆ ಜಾಗ ಎಷ್ಟು ಡಿಗ್ರಿ ಓರೆಯಾಗಿದೆ ಎಂದು ತೋರಿಸುತ್ತದೆ. ಅವಳು ಅಳತೆ ಹೇಳಿ ಇನ್ನೂ ಬಾಯಿ ಮುಚ್ಚಿರಲಿಲ್ಲ... ಗುರುತಿಲ್ಲದ ಯುವಕನೊಬ್ಬ ಅದನ್ನು ಕಿತ್ತು, ಹಿಂದುಮುಂದಾಗಿ ತಿರುಗಿಸಿ, ಮತ್ತೆ ಅಲ್ಲೇ ಇಟ್ಟು ನೋಡುತ್ತಿದ್ದ!

"ಎರಡೂ ಕಡಿಯಿಂದ ಒಂದ ಬಂತು. ಬರೋಬ್ಬರಿ ಐತ್ರಿ," ಎಂದ.

"ನಾ ಹೇಳಿದ ಮ್ಯಾಲ ಬರೋಬ್ಬರಿನ ಇರತೈತಿ. ನೀವ್ಯಾರ್ರಿ ನೋಡಾಕ?"

"ಸರ್ಫರಾಜ ಅಂತ. ಹರಪನಹಳ್ಳಿ. ಇವತ್ತಿಂದ ನಿಮ್ಮ ಅಬ್ಬಾನ ಹತ್ರ ವೆಲ್ಡರ್."

ಅವಳ ಎದೆ ಡವಡವ ಹೊಡೆದುಕೊಂಡಿತು. ಸಿಟ್ಟಿಗೆ ಎಂದುಕೊಂಡಳು. ಪಾಪ, ಆಗ ಅವಳಿಗೇನು ಗೊತ್ತು!

ಹಗರಿಬೊಮ್ಮನಹಳ್ಳಿಯ ಆ ಶೆಡ್ಡಿನ ಒಡೆಯ, ಅವಳ ಅಬ್ಬಾ ಗೌಸ್ ಪೀರ್ ಅವರ ಕಣ್ಣಿಗೆ ಪೊರೆ ಬಂದ ಮೇಲೆ ಅಳತೆಯ ಕೆಲಸ ಮಗಳ ಪಾಲಿಗೆ ಬಂದಿತ್ತು. 'ಹುಡುಗಿ ಅಳತಿ ಮಾಡ್ತಾಳಂತ, ಟ್ರಾಲಿ ಸೊಟ್ಟ ಆಗದಿದ್ರ ಸಾಕು' ಎಂದು ಗಿರಾಕಿಗಳು ನಕ್ಕಿದ್ದು ಅವಳ ಕಿವಿಗೂ ಬಿದ್ದಿತ್ತು. ಈಗ ಇವನೊಬ್ಬ ಸೇರಿಕೊಂಡ!

ದಿನಾ ಅದೇ ಕಥೆ. ಅವಳು ಅಳೆಯುವುದು, ಅವನು ತುಟಿ ಪಿಟಕ್ಕೆನ್ನದೆ ಗೇಜ್ ತಿರುಗಿಸಿ ನೋಡುವುದು. ಹೊಟ್ಟೆ ಉರಿಯುತ್ತಿತ್ತು. ಆದರೆ ಒಂದು ಮಾತು ಮಾತ್ರ ಅವಳಿಗೆ ಇಷ್ಟ. ಕಿಡಿ ಹತ್ತಿಸುವ ಮುಂಚೆ ಅವನು ಒಮ್ಮೆಯೂ ಮರೆಯದೆ ಕೂಗುತ್ತಿದ್ದ, "ಕಣ್ಣು!"

ಆ ಶೆಡ್ಡಿನ ರೂಢಿ ಅದು. ವೆಲ್ಡರ್ ಕೂಗಿದ ಕೂಡಲೇ ಯಾರೇ ಇರಲಿ, ಕೈಯಲ್ಲಿ ಏನೇ ಇರಲಿ, ಬಿಟ್ಟು ಮುಖ ತಿರುಗಿಸಬೇಕು. ಉಳಿದವರು ಅವಸರದಲ್ಲಿ ಗೊಣಗಿದಂತೆ ಕೂಗಿ ಕಿಡಿ ಹತ್ತಿಸಿದರೆ, ಇವನು ಅವಳು ಮುಖ ತಿರುಗಿಸುವವರೆಗೂ ಕಾಯುತ್ತಿದ್ದ.

'ಇಷ್ಟು ಕಾಳಜಿ ಇದ್ದವನಿಗೆ ನನ್ನ ಅಳತೆ ಮೇಲೆ ನಂಬಿಕೆ ಯಾಕಿಲ್ಲ?' ಎಂದು ಅವಳು ಒಳಗೊಳಗೇ ಅತ್ತದ್ದೂ ಉಂಟು.

ಅವತ್ತು ತಂಬ್ರಹಳ್ಳಿಯ ಉಚ್ಚಂಗೆಪ್ಪ ಶೆಡ್ಡಿಗೆ ಬಂದಿದ್ದರು. ಟ್ರ್ಯಾಕ್ಟರನ್ನು ಲಾರಿಗೆ ಹತ್ತಿಸಲು ಅವರಿಗೆ ಎರಡು ಉದ್ದದ ಕಬ್ಬಿಣದ ಏರುಹಲಗೆ ಬೇಕಿತ್ತು. ಹಲಗೆಯ ತುದಿಯ ಕೊಕ್ಕೆ ಲಾರಿಯ ಅಂಚಿನ ಮೇಲೆ ಮಟ್ಟಸವಾಗಿ ಕೂರಬೇಕು. ಕೊಕ್ಕೆಯ ಓರೆ ತಪ್ಪಿದರೆ ಹಿಡಿತವೇ ಇರುವುದಿಲ್ಲ.

"ಅಳತಿ ಯಾರದವ್ವ? ನಿಂದೋ, ಇವಂದೋ?" ಎಂದು ಉಚ್ಚಂಗೆಪ್ಪ ನಕ್ಕರು. ಅದೇ ಹೊತ್ತಿಗೆ ಸರ್ಫರಾಜ ಗೇಜಿಗೆ ಕೈ ಚಾಚಬೇಕೆ!

ಅಸ್ಮಾಳ ತಾಳ್ಮೆ ಹರಿದೇ ಹೋಯಿತು.

"ಸಾಕ್ರಿ! ನಾಕು ಮಂದಿ ಮುಂದ ನನ್ನ ಮರ್ಯಾದಿ ಯಾಕ ಕಳೀತೀರಿ? ನನ್ನ ಮ್ಯಾಲ ನಂಬಿಕಿ ಇಲ್ಲಂದ್ರ ಬ್ಯಾರೆ ಶೆಡ್ ನೋಡ್ಕೋರಿ!"

ಚಾಚಿದ ಕೈ ಗಾಳಿಯಲ್ಲೇ ನಿಂತಿತು. ಅವನ ಮುಖ ಬಿಳಿಚಿಕೊಂಡಿತು.

"ಇನ್ನ ಮುಂದ ತಿರುಗಿಸಂಗಿಲ್ರಿ," ಎಂದಷ್ಟೇ ಹೇಳಿ ಅವಳು ತೋರಿಸಿದಂತೆಯೇ ಕೊಕ್ಕೆ ಬೆಸೆದ. ಸಂಜೆಯೊಳಗೆ ಹಲಗೆಗಳನ್ನು ಹೇರಿಕೊಂಡು ಉಚ್ಚಂಗೆಪ್ಪನ ಜೊತೆ ತಂಬ್ರಹಳ್ಳಿಗೆ ಹೊರಟ. ತಾನು ಮಾಡಿದ ಸಾಮಾನಿನ ಮೇಲೆ ಮೊದಲು ತಾನೇ ಹತ್ತಿ ನೋಡಬೇಕು ಎಂಬುದು ಅವನ ಹಟ.

ಅವನು ಹೋದ ಮೇಲೆ ಶೆಡ್ಡು ಭಣಗುಟ್ಟಿತು. ಅಸ್ಮಾ ಸುಮ್ಮನೆ ಗೇಜನ್ನು ಕೆಲಸದ ಮೇಜಿನ ಮೇಲಿಟ್ಟಳು.

ನಾಲ್ಕು ಡಿಗ್ರಿ ತೋರಿಸಿತು.

'ಮೇಜು ಸಮ ಐತಲ್ಲ... ಸೊನ್ನೆ ಬರಬೇಕಿತ್ತು!'

ತಿರುಗಿಸಿ ಇಟ್ಟಳು. ಮತ್ತೆ ನಾಲ್ಕು. ಈ ಸಲ ಆ ಕಡೆಗೆ ಓರೆ! ಒಂದೇ ಮೇಜು ಎರಡೂ ಕಡೆಗೆ ವಾಲೀತೇ? ತಪ್ಪಿದ್ದು ಗೇಜೇ.

ಆಗ ಅವಳಿಗೆ ಹೊಳೆಯಿತು. ಅಳೆಯುವ ಮುಂಚೆ ಗೇಜನ್ನು ಸಮನಾದ ಜಾಗದಲ್ಲಿಟ್ಟು ಸೊನ್ನೆ ಗುಂಡಿ ಒತ್ತಬೇಕು. ಬೆಳಿಗ್ಗೆ ಉಚ್ಚಂಗೆಪ್ಪನ ಮುಂದೆ ಚುರುಕು ತೋರಿಸುವ ಆತುರದಲ್ಲಿ ಅವಳು ಒತ್ತಿದ್ದು ಅಂಗಳದ ತಗಡಿನ ಮೇಲೆ. ನೀರು ಗಟಾರಕ್ಕೆ ಹರಿಯಲೆಂದು ಆ ಅಂಗಳವನ್ನು ಇಳಿಜಾರು ಮಾಡಿಸಿದ್ದೇ ಅಬ್ಬಾ! ಗೇಜು ಆ ಇಳಿಜಾರನ್ನೇ ಸಮ ಎಂದುಕೊಂಡಿತ್ತು.

"ಅಬ್ಬಾ! ಕೊಕ್ಕಿ ತಪ್ಪೈತಿ! ಟ್ರ್ಯಾಕ್ಟರ್ ಹತ್ತಿಸಿದ್ರ ಹಲಗಿ ಜಾರತೈತಿ... ಅದರ ಮ್ಯಾಲ ಅವ್ರ ಅದಾರ!"

"ಯಾ ಅಲ್ಲಾ! ಫೋನ್ ಹಚ್ಚು ಬೇಟಾ!" ಗೌಸ್ ಪೀರ್ ತಡವರಿಸುತ್ತ ಎದ್ದರು.

ರಿಂಗ್ ಆಯಿತು. ಎತ್ತಲಿಲ್ಲ. ಮತ್ತೆ ರಿಂಗ್... ಎತ್ತಲಿಲ್ಲ.

ಸ್ಕೂಟಿ ಯಾವಾಗ ಹತ್ತಿದಳೋ, ಊರು ಯಾವಾಗ ದಾಟಿದಳೋ ಅವಳಿಗೇ ನೆನಪಿಲ್ಲ. ಗೇಜು ಇನ್ನೂ ಕೈಯಲ್ಲೇ ಇತ್ತು. ಎದುರಿಗೆ ಬಂದ ಪ್ರತಿಯೊಂದು ಗಾಡಿಯೂ ಕೆಟ್ಟ ಸುದ್ದಿ ತರುತ್ತಿದೆ ಎನಿಸುತ್ತಿತ್ತು. 'ನಾನ ಬ್ಯಾಡ ಅಂದೆ. ನಾನ ಅವನ ಕೈ ತಡದೆ. ಅವನಿಗೇನಾರ ಆದ್ರ... ಇಲ್ಲ, ಇಲ್ಲ! ಅವನಿಲ್ಲದ ಶೆಡ್ಡಿಗೆ ನಾ ಹೆಂಗ ಕಾಲಿಡಲಿ?'

ಆ ಪ್ರಶ್ನೆಯಲ್ಲೇ ಅವಳಿಗೆ ತನ್ನ ಮನಸ್ಸು ಗೊತ್ತಾಯಿತು. ಗೊತ್ತಾಗಲು ಎಂಥ ಹೊತ್ತು ನೋಡಿ!

ತಂಬ್ರಹಳ್ಳಿಯ ಕಣದಲ್ಲಿ ಲಾರಿ ನಿಂತಿತ್ತು. ಸರ್ಫರಾಜ ಓಡಿಸುತ್ತಿದ್ದ ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ಆಗಲೇ ಹಲಗೆ ಏರಿದ್ದವು!

"ನಿಲ್ಲಸ್ರಿ! ನಿಲ್ಲಸ್ರಿ!"

ಇಂಜಿನ್ನಿನ ಗದ್ದಲದಲ್ಲಿ ಯಾರಿಗೆ ಕೇಳಬೇಕು? ಅವಳೂ ನೋಡಲು ಬಂದಳೆಂದು ಉಚ್ಚಂಗೆಪ್ಪ ನಗುತ್ತ ಕೈ ಬೀಸಿದರು. ಗಾಲಿ ಇನ್ನೊಂದು ಗೇಣು ಮೇಲೇರಿತು. ಬಲಗಡೆಯ ಕೊಕ್ಕೆ ಕಿರ್ರೆಂದಿತು.

ಅಸ್ಮಾ ಗಂಟಲು ಹರಿಯುವಂತೆ ಕೂಗಿದಳು.

"ಕಣ್ಣು!"

ಸರ್ಫರಾಜ ಥಟ್ಟನೆ ಬ್ರೇಕ್ ತುಳಿದು ಮುಖ ತಿರುಗಿಸಿದ. ಯಾಕೆ ಎಂದು ಯೋಚಿಸಲೂ ಇಲ್ಲ, ರೂಢಿ ಹಾಗಿತ್ತು. ತಿರುಗಿದ ಕಡೆಯೇ ಅವಳಿದ್ದಳು. ಎರಡೂ ಕೈ ಎತ್ತಿ ಬೇಡ, ಬೇಡ ಎನ್ನುತ್ತಿದ್ದಳು.

ಅವನು ಮೆಲ್ಲಗೆ ಹಿಂದಕ್ಕೆ ಬಿಟ್ಟ. ಗಾಲಿಗಳು ನೆಲ ಮುಟ್ಟಿದವೋ ಇಲ್ಲವೋ, ಬಲಗಡೆಯ ಹಲಗೆ ಕೊಕ್ಕೆ ಕಳಚಿ ಧಡಾರನೆ ಕೆಳಗೆ ಬಿತ್ತು.

"ಶಿವನ!" ಎಂದು ಉಚ್ಚಂಗೆಪ್ಪ ಅಲ್ಲೇ ಕುಸಿದು ಕೂತರು.

"ತಪ್ಪು ನಂದು ಕಾಕಾ. ಸೊನ್ನಿ ತಪ್ಪು ಜಾಗದಾಗ ಒತ್ತಿದ್ದೆ. ಅವರದೇನೂ ಇಲ್ಲ," ಎಂದು ಅಸ್ಮಾ ಎಲ್ಲರ ಮುಂದೆಯೇ ಹೇಳಿದಳು.

ಉಚ್ಚಂಗೆಪ್ಪ ಬಿದ್ದ ಹಲಗೆಯನ್ನೊಮ್ಮೆ ನೋಡಿ ಎದ್ದರು. "ಜೀವ ಉಳೀತಲ್ಲ ಬಿಡವ್ವ. ಇಬ್ರೂ ಕೂಡಿ ಸರಿ ಮಾಡಿಕೊಡ್ರಿ," ಎಂದು ನೀರು ತರಲು ಮನೆಯತ್ತ ಹೋದರು.

ಸರ್ಫರಾಜ ಟ್ರ್ಯಾಕ್ಟರಿನಿಂದ ಇಳಿದು ಬಂದ. ಅಸ್ಮಾ ಅದರ ಗಾಲಿಗೆ ಒರಗಿ ಬಿಕ್ಕಿದಳು.

"ಯಾಕ ತಿರುಗಿಸಿ ನೋಡಲಿಲ್ಲರಿ ನೀವು?"

"ನೀವ ಬ್ಯಾಡಂದ್ರಿ."

"ನಾ ಬ್ಯಾಡಂದ್ರ ಸಾಯಾಕೂ ತಯಾರೇನ್ರಿ?"

ಅವನು ತಲೆ ತಗ್ಗಿಸಿದ. "ನಮ್ಮ ಅಣ್ಣ ಶಾಕೀರ ಬರೇ ಒಂದ ಸಲ ಅಳದು ಗೇಟ್ ನಿಲ್ಲಿಸಿದ್ದ. ಅದು ಅವನ ಕಾಲಿನ ಮ್ಯಾಲ ಬಿತ್ರಿ. ಇವತ್ತಿಗೂ ಕೋಲು ಹಿಡದ ನಡೀತಾನ. ಬೆಸಿಯುವಾಗ ನೀವು ಕಬ್ಬಣದ ಬಾಜೂಕ ನಿಂತಿರ್ತೀರಿ... ನನಗ ನಿಮ್ಮ ಅಳತಿ ಮ್ಯಾಲ ಅನುಮಾನ ಇರಲಿಲ್ಲ. ನಿಮಗೇನಾರ ಆದೀತಂತ ಹೆದರಿಕಿ."

"ಬಾಯಿ ಬಿಟ್ಟು ಹೇಳಬೇಕಿಲ್ಲೋ?"

"ಅದಕ್ಕೂ ಹೆದರಿಕಿ ಆತ್ರಿ."

ಅಳುವಿನ ನಡುವೆಯೂ ಅವಳಿಗೆ ನಗು ಬಂತು. ಅವಳ ಕೈಯಿಂದ ಅವನು ಗೇಜನ್ನು ಬಿಡಿಸಿಕೊಂಡ.

"ಅಸ್ಮಾ... ನನ್ನ ಕಡಿಯಿಂದ ನೋಡಿದ್ರ, ನೀವಂದ್ರ ನನಗ ಜೀವ."

ಅವಳು ಕಣ್ಣೊರೆಸಿಕೊಂಡು ಗೇಜಿನತ್ತ ನೋಡಿದಳು. ಅವನ ಮುಖ ಮತ್ತೆ ಬಿಳಿಚಿಕೊಂಡಿತು.

"ತಪ್ಪು ಅಂದ್ನೇನ್ರಿ?"

"ಒಂದ ಕಡಿ ನೋಡಿ ಬಿಡ್ತೀರೇನು?" ಎಂದಳು ಅವಳು ಮೆಲ್ಲಗೆ. "ತಿರುಗಿಸಿ ನೋಡ್ರಿ."

ಅವನು ಗೇಜನ್ನು ಅವಳ ಕಡೆಗೆ ತಿರುಗಿಸಿದ.

"ನಿಮ್ಮ ಕಡಿಯಿಂದ... ಎಷ್ಟು?"

"ಅಷ್ಟ. ಎರಡೂ ಕಡಿಯಿಂದ ಒಂದ."