ಮರೆಪಟ್ಟಿ

ಸುಲಕ್ಷಾ ಮೇಜಿನ ಮೇಲೆ ಇಸ್ಪೀಟು ರಾಣಿಯನ್ನು ಇಟ್ಟಳು. ಎಲೆ ಬೆರಳು ಬಿಟ್ಟ ಕ್ಷಣ ಹಣೆಯ ಪಟ್ಟಿ ಬೆಚ್ಚಗಾಯಿತು. ರಾಣಿ ಅವಳ ತಲೆಯಿಂದ ಹೊರಟುಹೋದಳು.

ಕಾರವಾರದಾಚೆ ಕಡಲಲ್ಲಿ ಲಂಗರು ಹಾಕಿದ್ದ ಆ ಜೂಜುಹಡಗಿನಲ್ಲಿ ಎಲೆ ಹಂಚುವವರೆಲ್ಲ ಮರೆಪಟ್ಟಿ ಧರಿಸಬೇಕಿತ್ತು. ಇಪ್ಪತ್ತೊಂದರ ಆಟದಲ್ಲಿ ಬಿದ್ದ ಎಲೆಗಳನ್ನು ನೆನಪಿಟ್ಟವನು ಬರುವ ಎಲೆಗಳನ್ನು ಊಹಿಸಬಲ್ಲ. ಸಣ್ಣವು ಹೆಚ್ಚು ಹೋಗಿದ್ದರೆ ಕಟ್ಟಿನಲ್ಲಿ ದೊಡ್ಡವು ಉಳಿದಿವೆ. ಪಣ ಏರಿಸಲು ಅದೇ ಹೊತ್ತು. ಹಂಚುವವರು ಕೆಮ್ಮಿಯೋ ಬಳೆ ಸರಿಸಿಯೋ ಈ ಲೆಕ್ಕವನ್ನು ಆಟಗಾರರಿಗೆ ಮಾರುತ್ತಿದ್ದರು. ಇದನ್ನು ತಡೆಯಲು ಹಡಗಿನವರು ಆಟವನ್ನೇ ಬದಲಿಸಿದರು. ಒಂದು ಮೇಜಿನಲ್ಲಿ ಹತ್ತರ ಎಲೆಗಳನ್ನು ತೆಗೆದರು, ಇನ್ನೊಂದರಲ್ಲಿ ಹಂಚುವವರ ಎರಡೂ ಎಲೆ ತೆರೆದಿಟ್ಟರು. ವಾರ ಕಳೆಯುವುದರೊಳಗೆ ಜನ ಲೆಕ್ಕವನ್ನೂ ಹೊಸ ಆಟದ ಅಳತೆಗೆ ಹೊಲಿದುಕೊಂಡರು.

"ಒಂದೊಂದು ಆಟಕ್ಕೂ ಒಂದೊಂದು ಲೆಕ್ಕ. ಬೆನ್ನು ಹತ್ತಿ ನನಗೆ ಸಾಕಾಯಿತು," ಎಂದಿದ್ದರು ಹಡಗಿನ ವಿಜ್ಞಾನಿ ಪಾವಸ್ಕರ, ಅವಳಿಗೆ ಪಟ್ಟಿ ಕಟ್ಟಿದ ದಿನ. "ಆದರೆ ಎಲ್ಲದರ ಬೇರು ಒಂದೇ. ಇಷ್ಟು ಹೋಯಿತು, ಇನ್ನಿಷ್ಟು ಉಳಿಯಿತು. ಹೀಗೆ ಎಣಿಸುವಾಗ ಮಿದುಳಿನಲ್ಲಿ ಒಂದು ಎಣಿಕೆಯಲೆ ಏಳುತ್ತದೆ. ಪಟ್ಟಿ ಅದನ್ನು ಹಿಡಿದು, ಹೋದದ್ದನ್ನು ಮರೆಗೆ ಸರಿಸುತ್ತದೆ."

"ಅಳಿಸಿಬಿಡುತ್ತದೆಯೇ ಸರ್?"

"ಇಲ್ಲ, ಬಾಗಿಲು ಹಾಕುತ್ತದೆ ಅಷ್ಟೇ. ಕಳಚಿದರೆ ಎಲ್ಲ ಮರಳಿ ಬರುತ್ತದೆ. ಅದಕ್ಕೇ ಕರಾರು ಮುಗಿಯುವವರೆಗೆ ಕಳಚುವಂತಿಲ್ಲ."

"ಮನೆಯಲ್ಲೂ?"

"ಮನೆಯಲ್ಲಿ ಆಯಿಗೆ ಇಸ್ಪೀಟು ಹಂಚುತ್ತೀಯೇನು?"

ಅವಳು ನಕ್ಕಿದ್ದಳು.

ಮನೆಯಲ್ಲಿದ್ದವರು ಅವಳು ಮತ್ತು ಹೆತ್ತ ಆಯಿ, ಇಬ್ಬರೇ. ಆಯಿಗೆ ಸಕ್ಕರೆ ಕಾಯಿಲೆ, ಜೊತೆಗೆ ಮರೆವು. ಎದುರು ನಿಂತ ಮಗಳನ್ನೇ ಒಮ್ಮೊಮ್ಮೆ ತನ್ನ ತಂಗಿಯ ಹೆಸರಿನಿಂದ ಕರೆಯುತ್ತಿದ್ದಳು. ಸುಲಕ್ಷಾ ಪಟ್ಟಿ ಕಟ್ಟಿಕೊಂಡ ಮೇಲೆ ಮೀನಿನ ಸಾರಿಗೆ ಎರಡೆರಡು ಸಲ ಉಪ್ಪು ಬೀಳತೊಡಗಿತು. "ಕಡಲನ್ನೇ ಸುರಿದೆಯೇನೇ?" ಎಂದಳು ಆಯಿ. ವಯಸ್ಸಾದವರ ನಾಲಗೆ ಎಂದುಕೊಂಡು ಸುಲಕ್ಷಾ ಸುಮ್ಮನಾದಳು.

ಒಂದು ಸಂಜೆ ಆಯಿಗೆ ಇನ್ಸುಲಿನ್ ಚುಚ್ಚಿ, ಸೂಜಿ ಎಸೆದು ಕೈ ತೊಳೆದಳು. ಇದಾಯಿತು, ಇನ್ನು ಊಟವೊಂದು ಉಳಿಯಿತು ಎಂದುಕೊಂಡಳು. ಹಣೆ ಬೆಚ್ಚಗಾಯಿತು.

ಒಲೆಯ ಕಡೆ ಹೋಗಿ ಬಂದವಳು ಹೊಸ ಸೂಜಿ ತೆಗೆದಳು.

"ಈಗಷ್ಟೇ ಚುಚ್ಚಿದೆಯಲ್ಲೇ ಮಗಾ."

"ಅದು ಬೆಳಿಗ್ಗೆ, ಆಯಿ. ನಿನಗೆ ಮರೆವು."

"ಹೌದೇ?" ಆಯಿ ಸ್ವಲ್ಪ ಯೋಚಿಸಿದಳು. ಆಮೇಲೆ ತಪ್ಪು ಮಾಡಿದವಳಂತೆ ನಕ್ಕು ಸೆರಗು ಸರಿಸಿದಳು. "ಇರಬಹುದು. ಚುಚ್ಚು."

ಹಣೆ ಮತ್ತೆ ಬೆಚ್ಚಗಾಯಿತು.

ಬೆಳಿಗ್ಗೆ ಆಯಿ ಏಳಲಿಲ್ಲ. ರಕ್ತದಲ್ಲಿ ಸಕ್ಕರೆ ಪೂರಾ ಇಳಿದುಹೋಗಿದೆ ಎಂದರು ವೈದ್ಯರು. ಹೇಗೆಂದು ಸುಲಕ್ಷಾಗೆ ತಿಳಿಯಲಿಲ್ಲ.

ತಿಥಿ ಮುಗಿಸಿ ಹಡಗಿಗೆ ಬಂದಾಗ ವಿಷಯ ಕೇಳಿದ ಪಾವಸ್ಕರರ ಮುಖ ಬಿಳಿಚಿತು. ಅವರು ಅವಳ ಪಟ್ಟಿಯ ಕೊಂಡಿ ಕಳಚಿದರು. ಮರೆಯಾದದ್ದೆಲ್ಲ ಮರಳಿತು; ಅವಳು ಒಂದೊಂದೇ ಬೆರಳು ಮಡಿಸಿ ಎಣಿಸಿದಳು.

"ಮೂರು ಸಲ ಚುಚ್ಚಿದ್ದೆ ಸರ್," ಎಂದಳು. "ಎರಡನೆಯ ಸಲ, ಈಗಷ್ಟೇ ಚುಚ್ಚಿದೆಯಲ್ಲೇ ಎಂದಳು. ಮೂರನೆಯ ಸಲ ಏನೂ ಅನ್ನಲಿಲ್ಲ. ನನ್ನ ಮಾತು ನಂಬಿಬಿಟ್ಟಿದ್ದಳು."

"ಆ ಅಲೆಗೆ ಎಲೆಯೂ ಒಂದೇ, ಸೂಜಿಯೂ ಒಂದೇ," ಎಂದರು ಪಾವಸ್ಕರ. "ನನಗೆ ಹೊಳೆಯಲೇ ಇಲ್ಲ ಸುಲಕ್ಷಾ. ಇನ್ನು ಯಾರಿಗೂ ಇದನ್ನು ಕಟ್ಟುವುದಿಲ್ಲ."

ಅವರು ನೀರು ತರಲು ತಿರುಗಿದಾಗ ಹಿಂದೆ ಕೊಂಡಿ ಸದ್ದು ಮಾಡಿತು. ಪಟ್ಟಿ ಮತ್ತೆ ಅವಳ ಹಣೆಯ ಮೇಲಿತ್ತು.

"ಆಯಿ ಹೋದಳು," ಎಂದು ಸುಲಕ್ಷಾ ಮೆಲ್ಲಗೆ, ಎಲೆ ಇಟ್ಟ ಹಾಗೆ ಹೇಳಿದಳು. "ಇನ್ನು ಉಳಿದದ್ದು ನಾನೊಬ್ಬಳು."

ಅವಳ ಕಣ್ಣು ನಿಧಾನವಾಗಿ ತಿಳಿಯಾಯಿತು. ಕೈಚೀಲ ತೆಗೆದುಕೊಂಡು ಎದ್ದಳು.

"ದೋಣಿ ಹೊರಡುತ್ತದೆ ಸರ್, ಬರಲೇ? ಆಯಿಗೆ ಸೂಜಿಯ ಹೊತ್ತಾಯಿತು."

ಕೊಂಡಿಯತ್ತ ಚಾಚಿದ ಪಾವಸ್ಕರರ ಕೈ ಅರ್ಧದಲ್ಲೇ ನಿಂತಿತು.